ಬಣ್ಣ ಬಿಡದ ರತ್ನಗಂಬಳಿ

ತಂಗಿ ನೀರು ತರಲು ಒಳಗೆ ಹೋದದ್ದೇ ತಡ, ಅಕ್ಕ ರತ್ನಗಂಬಳಿಯ ಮೂಲೆ ಮಗುಚಿ ಅಡಿಭಾಗವನ್ನು ಬೆರಳಿನಿಂದ ತಡಕಿದಳು. ನೀಲಿ ದಾರ ಇಲ್ಲ. ಇನ್ನೊಂದು ಮೂಲೆ ನೋಡಿದಳು. ಅಲ್ಲೂ ಇಲ್ಲ. ಚಪ್ಪಲಿ ಸದ್ದಾಯಿತು. ಅಯ್ಯೋ, ಇಷ್ಟು ಬೇಗ ಬಂದಳೇ! ಏನೂ ಅರಿಯದವಳ ಹಾಗೆ ಸ್ಟೂಲಿನ ಮೇಲೆ ಕೂತುಬಿಟ್ಟಳು.

ಅದು ಅಮ್ಮನ ರತ್ನಗಂಬಳಿ. ಹನ್ನೆರಡು ವರ್ಷ ಅಕ್ಕನ ಮನೆ, ಹನ್ನೆರಡು ವರ್ಷ ತಂಗಿಯ ಮನೆ. ಆ ನೆಪದಲ್ಲಾದರೂ ಹೆಣ್ಣುಮಕ್ಕಳು ದೂರವಾಗದಿರಲಿ ಎಂದು ಅಮ್ಮ ಸಾಯುವ ಮುಂಚೆ ಮಾಡಿಟ್ಟ ಏರ್ಪಾಡು. ಮೊದಲ ಸರದಿ ಅಕ್ಕನದು. ಅದು ಮುಗಿದು ತಂಗಿಗೆ ಒಪ್ಪಿಸುವ ಹಿಂದಿನ ದಿನ ಮೂಲೆಯಡಿ ನೀಲಿ ದಾರದ ಎರಡು ಹೊಲಿಗೆ ಹಾಕಿದ್ದಳು. ಗಂಡನಿಗೂ ಹೇಳಿರಲಿಲ್ಲ. ಒಡಹುಟ್ಟಿದವಳಾದರೇನು, ಗುರುತು ಅಂತ ಒಂದಿರಲಿ!

ಈಗ ಅಕ್ಕನ ಸರದಿ ಮತ್ತೆ ಬಂದಿತ್ತು. ಸುರುಳಿಯನ್ನು ಆಟೋದಲ್ಲಿ ಹಾಕಿಕೊಂಡು ಬೆಳಗ್ಗೆಯೇ ಬಂದ ತಂಗಿ, ಜೊತೆಗೆ ಸೋದರಮಾವನನ್ನೂ ಕರೆತಂದಿದ್ದಳು. ಇವನೇಕೆ? ಕೇಳಿದರೆ, "ಅಮ್ಮನ ವಸ್ತು, ಹಿರಿಯರೊಬ್ಬರು ಇರಲಿ ಅಕ್ಕ" ಎಂದಳು.

"ಮುಗ್ಗಲು ವಾಸನೆ ಬರ್ತಿದೆ, ನಾನೇ ಕ್ಲೀನ್ ಮಾಡಿ ಕೊಡ್ತೀನಿ" ಎಂದು ತಂಗಿ ಸೀರೆ ಸೆರಗು ಸಿಕ್ಕಿಸಿದ್ದಳು. ಹಿತ್ತಿಲಲ್ಲಿ ಬೆಡ್‌ಶೀಟ್ ಹಾಸಿ, ರತ್ನಗಂಬಳಿಯನ್ನು ಬೋರಲು ಹಾಕಿ, ಬೆತ್ತದಿಂದ ಬಡಿದಳು. ಮರಳಿನಂಥ ಧೂಳು ಉದುರಿತು. ಮಗುಚಿ, ಅಡುಗೆ ಸೋಡಾ ಚೆಲ್ಲಿ, ಒಂದು ತಾಸು ಬಿಟ್ಟು ಬ್ರಶ್ಶಿನಿಂದ ತೆಗೆದಳು. ಅಕ್ಕ ಕಣ್ಣು ಕೀಲಿಸಿ ನೋಡುತ್ತಲೇ ಇದ್ದಳು. ಇಷ್ಟು ಉತ್ಸಾಹ ಯಾಕೋ!

ನಾಲ್ಕು ವರ್ಷದ ಹಿಂದೆ ಅಕ್ಕನಿಗೆ ಮಂಡಿ ಆಪರೇಷನ್ ಆದಾಗ ಇದೇ ತಂಗಿ ತಿಂಗಳಿಡೀ ಇಲ್ಲಿದ್ದು ಮನೆ ನೋಡಿಕೊಂಡಿದ್ದಳು. ಅಂಥವಳ ಮೇಲೆ ಅನುಮಾನವೇ ಎಂದು ನಾಚಿಕೆಯೂ ಆಯಿತು. ಒಂದು ಗಳಿಗೆ, ಅಷ್ಟೇ.

ತಂಗಿ ಬಕೆಟ್ ಇಳಿಸಿ, ಬಿಳಿ ಬಟ್ಟೆ ಅದ್ದಿ ಹಿಂಡಿದಳು.

"ನೀರು ಮುಟ್ಟಿಸಬೇಡ! ಬಣ್ಣ ಬಿಡುತ್ತೆ" ಎಂದಳು ಅಕ್ಕ. ದನಿ ತುಸು ಜೋರಾಯಿತು.

"ಅಮ್ಮನ ಕಾರ್ಪೆಟ್ ಯಾವತ್ತಾದರೂ ಬಣ್ಣ ಬಿಟ್ಟಿದೆಯಾ ಅಕ್ಕ?"

"ನಿಮ್ಮ ಜಗಳ ನೋಡೋಕೆ ಬಂದಿಲ್ಲಮ್ಮ, ಬಿಸಿಲು ಕಾಯೋಕೆ ಬಂದೆ" ಎಂದು ಮಾವ ಪೇಪರಿನ ಹಿಂದಿನಿಂದಲೇ ಗೊಣಗಿದ.

ತಂಗಿ ಕೆಂಪು ಹೂವಿನ ಮೇಲೆ ಗಸಗಸ ಉಜ್ಜಿ ಬಟ್ಟೆ ಎತ್ತಿ ತೋರಿಸಿದಳು. ಕೊಳೆಯಷ್ಟೇ ಅಂಟಿತ್ತು, ಒಂದು ಚೂರೂ ಕೆಂಪಿಲ್ಲ. ಅಕ್ಕ ಬಾಗಿ ನೋಡಿದಳು. ದಾರವಿಲ್ಲ, ಬಣ್ಣವೂ ಬಿಡುವುದಿಲ್ಲ. ಇನ್ನೇನು ಬೇಕು? ಇವಳು ಬದಲಾಯಿಸಿದ್ದಾಳೆ. ಸಿಕ್ಕಿದ್ದನ್ನು ಮಾರಿ ತಿಂದು, ಎಲ್ಲಿಂದಲೋ ಇನ್ನೊಂದನ್ನು ತಂದು ಹಾಸಿದ್ದಾಳೆ. ಅದಕ್ಕೇ ಈ ಉಜ್ಜಾಟ, ಅದಕ್ಕೇ ಈ ಸಾಕ್ಷಿ.

ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಅದರ ಅಡಿಯಲ್ಲಿ ಹಾಲು ಕುಡಿದಷ್ಟು ಸಂತೋಷವಾಯಿತು. ಹನ್ನೆರಡು ವರ್ಷ ಎದೆಯೊಳಗೆ ಕುಟುಕುತ್ತಿದ್ದ ಮುಳ್ಳನ್ನು ಯಾರೋ ಕಿತ್ತು ಬಿಸಾಡಿದ ಹಾಗೆ. ಇವಳೂ ಹೀಗೇ, ಸರಿ ಬಿಡು! ಇವತ್ತು ಮಾವನ ಮುಂದೆಯೇ ಇತ್ಯರ್ಥವಾಗಲಿ, ಆಮೇಲೆ ಇವಳು ಈ ಮನೆಯ ಹೊಸಿಲು ತುಳಿಯುವುದು ಬೇಡ.

"ಮಾವ, ಪೇಪರ್ ಇಡು. ನೀನೂ ಕೇಳಿಸ್ಕೋ" ಎಂದು ಅಕ್ಕ ಎದ್ದು ನಿಂತಳು. "ಇದು ನಾನು ಇವಳಿಗೆ ಕೊಟ್ಟ ಕಾರ್ಪೆಟ್ ಅಲ್ಲ. ಆಣೆ ಮಾಡಿ ಹೇಳ್ತೀನಿ."

ಮಾವ ತಂಗಿಯತ್ತ ತಿರುಗಿದ. "ಏನಮ್ಮ ಇದು?"

ತಂಗಿ ಒದ್ದೆ ಬಟ್ಟೆಯನ್ನು ನಿಧಾನವಾಗಿ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದಳು. ಅವಳ ಕಣ್ಣು ತುಂಬಿತ್ತು.

"ಅಕ್ಕ ಹೇಳೋದು ನಿಜ ಮಾವ. ಇದು ಅವಳು ಕೊಟ್ಟದ್ದಲ್ಲ, ಅಮ್ಮ ಕೊಟ್ಟದ್ದು. ಅವಳ ಮಂಡಿ ಆಪರೇಷನ್ ಆದಾಗ ಅಟ್ಟ ಗುಡಿಸೋಕೆ ಹತ್ತಿದ್ದೆ, ಅಲ್ಲಿ ಇದನ್ನ ಬಚ್ಚಿಟ್ಟಿದ್ದಳು. ಅವಳು ಕೊಟ್ಟ ನಕಲನ್ನ ತಂದು ಅಲ್ಲಿಟ್ಟು, ಇದನ್ನ ಮನೆಗೆ ತಗೊಂಡು ಹೋದೆ."