ಮೇಲಿನ ಮಹಡಿಯ ಮತಗಳು

ಲಿಫ್ಟಣ್ಣ ಲಿಫ್ಟಿನ ಫ್ಯೂಸ್ ಕಿತ್ತು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಆಮೇಲೆ ‘ಲಿಫ್ಟ್ ಕೆಟ್ಟಿದೆ’ ಎಂದು ಬರೆದ ರಟ್ಟನ್ನು ಬಾಗಿಲಿಗೆ ತೂಗುಹಾಕಿದ.

ಅವತ್ತು ಮತದಾನ. ಅವನು ಆಗಲೇ ಹೋಗಿ ಮತ ಹಾಕಿ ಬಂದಿದ್ದ. ಬೆರಳಿನ ಶಾಯಿ ಇನ್ನೂ ಸರಿಯಾಗಿ ಒಣಗಿರಲಿಲ್ಲ.

ಆ ಕಟ್ಟಡದ ಉಸ್ತುವಾರಿ ಅವನದು. ನೀರಿನ ಪಂಪು, ಮೆಟ್ಟಿಲ ದೀಪ, ಕಟ್ಟಿಕೊಂಡ ಚರಂಡಿ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರೂ ಜನ ಕರೆಯುತ್ತಿದ್ದದ್ದು ಲಿಫ್ಟಣ್ಣ ಎಂದೇ. ಆ ಹಳೇ ಲಿಫ್ಟು ಆಗಾಗ ಮುನಿಸಿಕೊಳ್ಳುತ್ತಿತ್ತು. ಇವನು ಕೈ ಇಟ್ಟರಷ್ಟೇ ಮೇಲೇಳುತ್ತಿತ್ತು. ಹಾಗಾಗಿ ರಟ್ಟು ನೋಡಿ ಯಾರೂ ಹುಬ್ಬೇರಿಸಲಿಲ್ಲ.

ಕಟ್ಟಡದಲ್ಲಿ ಪಕ್ಷಗಳೂ ಮಹಡಿ ನೋಡಿಕೊಂಡೇ ಸಂಸಾರ ಹೂಡಿದ್ದವು. ಕೆಳಗೆ ಬಾಡಿಗೆಯವರು, ಇವನ ಕಡೆ. ಮೇಲೆ ಸ್ವಂತ ಮನೆಯ ನಿವೃತ್ತರು, ಆಚೆ ಕಡೆ. ಕೆಳಗಿನವರು ಬಾಯಲ್ಲಿ ಕ್ರಾಂತಿ ಮಾಡಿ, ಮತದಾನದ ದಿನ ರಜೆ ಸಿಕ್ಕಿತೆಂದು ಮುಸುಕೆಳೆದು ಮಲಗುವವರು. ಮೇಲಿನವರು ಮಂಡಿನೋವನ್ನೂ ಬಿಪಿಯನ್ನೂ ಜೊತೆಗೆ ಕರೆದುಕೊಂಡು, ಇಸ್ತ್ರಿ ಬಟ್ಟೆ ಹಾಕಿಕೊಂಡು ಸಾಲಿನಲ್ಲಿ ಮೊದಲು ನಿಲ್ಲುವವರು. ಕಳೆದ ಸಲ ವಾರ್ಡಿನಲ್ಲಿ ಇವನ ಕಡೆಯವರು ಕೂದಲೆಳೆಯಲ್ಲಿ ಸೋತಿದ್ದರು. ಆ ಕೂದಲೆಳೆ ಮೇಲಿನ ಮಹಡಿಗಳಲ್ಲೇ ಇದೆ ಎಂಬ ಅರಿವು ಲಿಫ್ಟಣ್ಣನ ಹೊಟ್ಟೆಯಲ್ಲಿ ಕೆಂಡದಂತೆ ಕೂತಿತ್ತು.

ಮೇಲಿನವರಿಗೆ ಟೀಚರಮ್ಮ ಹೇಳಿದ್ದೇ ಮಾತು. ನಿವೃತ್ತ ಶಿಕ್ಷಕಿ, ತುತ್ತತುದಿಯ ಮನೆಯಲ್ಲಿ ಒಬ್ಬರೇ. ಇವನ ಮಗಳಿಗೆ ಗಣಿತ ತಲೆಗೆ ಹತ್ತುವ ತನಕ ಬಿಡದೆ ಹೇಳಿಕೊಟ್ಟವರು. ದಿನಾ ಬೆಳಗ್ಗೆ ಇವನು ಅವರಿಗೆ ಪೇಪರು ಕೊಡಲು ಹೋಗುವುದು, ಇಬ್ಬರೂ ರಾಜಕೀಯಕ್ಕೆ ಕಿತ್ತಾಡುವುದು, ಕೊನೆಗೆ ಅವರು ಟೀ ಕೊಡುವುದು ವರ್ಷಗಳಿಂದ ನಡೆದು ಬಂದಿತ್ತು. ಈಚೆಗೆ ಆಕೆ ಕಿತ್ತಾಟ ಬಿಟ್ಟು ಬರೀ ಪ್ರಶ್ನೆ ಕೇಳುತ್ತಿದ್ದರು.

“ನಿಮ್ಮವನು ಹೇಳಿದ್ದನ್ನ ನಿಜವಾಗ್ಲೂ ಮಾಡ್ತಾನೇನೋ?”

ಕಾಲೆಳೆಯುತ್ತಿದ್ದಾರೆ ಎಂದುಕೊಂಡ. ಕಳೆದ ವಾರ ಅವರ ಮನೆಯ ನಲ್ಲಿ ರಿಪೇರಿಗೆ ಹೋದಾಗ ಮೇಲಿನವರೆಲ್ಲ ಅಲ್ಲೇ ಸೇರಿದ್ದರು. ಇವನು ಕಾಲಿಟ್ಟದ್ದೇ ತಡ, ಮಾತು ಗಪ್ಪೆಂದು ನಿಂತಿತು. ಯಾರೋ ಕೆಮ್ಮಿದರು. ಟೀಚರಮ್ಮ ಹವಾಮಾನದ ಬಗ್ಗೆ ಮಾತಾಡಿದರು. ಇವನಿಗೆ ಮೈ ಉರಿಯಿತು. ಫ್ಯೂಸಿನ ಯೋಚನೆ ಹುಟ್ಟಿದ್ದು ಆಗಲೇ.

“ಲಿಫ್ಟಣ್ಣಾ, ಎಷ್ಟೊತ್ತಾಗುತ್ತೋ?” ರಟ್ಟು ತೂಗುಹಾಕಿದ ಸ್ವಲ್ಪ ಹೊತ್ತಿಗೆ ಮೆಟ್ಟಿಲ ಕಂಬಿಯಿಂದ ಬಗ್ಗಿ ಟೀಚರಮ್ಮ ಕೂಗಿದರು.

“ಪಾರ್ಟು ಬರ್ಬೇಕು, ಟೀಚರಮ್ಮಾ.”

“ಇವತ್ತೇ ಕೈಕೊಡ್ಬೇಕಿತ್ತಾ ಇದು! ಪಾಪ, ನೀನಾದ್ರೂ ಏನ್ಮಾಡ್ತೀಯ, ಬಿಡು.”

ಆ ‘ಪಾಪ’ ಮುಳ್ಳಿನಂತೆ ಚುಚ್ಚಿತು.

ಮಧ್ಯಾಹ್ನ ಅವನು ಊಟಕ್ಕೆ ಕೂತ. ಹೆಂಡತಿ ನೀರು ತಂದಿಟ್ಟು ಕೇಳಿದಳು, “ಪಾರ್ಟು ತರೋಕೆ ಹೋಗಲ್ವಾ?”

“ಅಂಗಡಿ ಮುಚ್ಚಿದೆ.”

“ಮತ್ತೆ ಟೀಚರಮ್ಮನಿಗೆ ಪಾರ್ಟು ಬರುತ್ತೆ ಅಂತ ಯಾಕೆ ಹೇಳಿದ್ರಿ?”

ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದ. ಮೆಟ್ಟಿಲ ಮೇಲೆ ಮೇಲಿನವರಲ್ಲಿ ಯಾರದೋ ಊರುಗೋಲಿನ ಸದ್ದು ಕೇಳಿಸುತ್ತಿತ್ತು. ನಿಧಾನವಾಗಿ ಇಳಿಯಿತು, ನಿಂತಿತು, ಆಮೇಲೆ ಇನ್ನೂ ನಿಧಾನವಾಗಿ ಮೇಲಕ್ಕೆ ಹೋಯಿತು. ಬಾಗಿಲು ಮುಚ್ಚಿಕೊಂಡ ಶಬ್ದ. ಗೆದ್ದೆ ಅನ್ನಿಸಬೇಕಿತ್ತು, ಕದ್ದೆ ಅನ್ನಿಸಿತು.

ಸಂಜೆ, ಮತದಾನ ಮುಗಿಯಲು ಇನ್ನು ಸ್ವಲ್ಪವೇ ಹೊತ್ತು ಅನ್ನುವಾಗ, ಮನಸ್ಸು ತಡೆಯದೆ ಮೆಟ್ಟಿಲು ಹತ್ತಿದ. ಅರ್ಧ ದಾರಿಯಲ್ಲಿ ಟೀಚರಮ್ಮ ಕೂತಿದ್ದರು. ಮಡಿಲಲ್ಲಿ ಕೈಚೀಲ, ಹಣೆಯ ತುಂಬ ಬೆವರು.

“ಇಷ್ಟು ಇಳಿದೆ ಕಣೋ. ಇನ್ನು ಕಾಲು ನನ್ನ ಮಾತು ಕೇಳ್ತಿಲ್ಲ.”

“ಒಂದು ಸಲ ಹೋಗದಿದ್ರೆ ಏನಾಗುತ್ತೆ, ಬಿಟ್ಬಿಡಿ.”

“ಹಾಗನ್ಬೇಡ. ಬೇರೆ ಯಾವ ಸಲ ತಪ್ಪಿದ್ರೂ ಪರವಾಗಿರ್ಲಿಲ್ಲ. ಈ ಸಲ ತಪ್ಪಿಸಬಾರದು.”

ಅವನ ಕೈ ಜೇಬಿಗೆ ಹೋಯಿತು. ಫ್ಯೂಸ್ ಸಿಕ್ಕಿಸಿದರೆ ಲಿಫ್ಟು ಕ್ಷಣದಲ್ಲಿ ಎದ್ದು ಬರುತ್ತದೆ. ಆದರೆ ಅದರ ಜೊತೆಗೇ ಸುಳ್ಳೂ ಎದ್ದು ಬರುತ್ತದೆ. ಅಂಗಡಿ ಮುಚ್ಚಿದ ದಿನ ಪಾರ್ಟು ಎಲ್ಲಿಂದ ಬಂತು ಎಂದು ಹೆಂಡತಿಯೇ ಮೊದಲು ಕೇಳುತ್ತಾಳೆ. ಕೈ ಬರಿದಾಗಿ ಹೊರಬಂತು. ಬೆನ್ನು ತಿರುಗಿಸಿ ಕೂತ.

“ಹತ್ತಿ.”

“ಹುಚ್ಚಾ ನಿನಗೆ!”

“ಹತ್ತಿ ಅಂದೆ ಟೀಚರಮ್ಮ, ಟೈಮಾಗ್ತಿದೆ.”

ಒಂದೊಂದು ಮೆಟ್ಟಿಲಿಗೂ ಫ್ಯೂಸ್ ತೊಡೆಗೆ ಒತ್ತುತ್ತಿತ್ತು. “ಭಾರ ಆಯ್ತೇನೋ?” ಎಂದು ಅವರು ಕೇಳಿದರು. “ಇಲ್ಲ” ಎಂದ. ಅವರೇನೂ ಭಾರವಿರಲಿಲ್ಲ.

ರಸ್ತೆ ದಾಟಿ ಮತಗಟ್ಟೆಯ ಗೇಟು ಹೊಕ್ಕಾಗ ಸಾಲು ತಾನಾಗಿ ದಾರಿ ಬಿಟ್ಟಿತು. “ಆಚೆ ಪಕ್ಷದವರನ್ನ ಹೊತ್ಕೊಂಡು ಬಂದಿದ್ದಾನೆ ನೋಡ್ರಿ, ಮನುಷ್ಯ ಅಂದ್ರೆ ಇವನು!” ಎಂದರು ಯಾರೋ. ಲಿಫ್ಟಣ್ಣ ನೆಲ ನೋಡಿದ. ಟೀಚರಮ್ಮ ಒಳಗೆ ಹೋಗಿ ಹೊರಬರುವಷ್ಟರಲ್ಲಿ ಕಾವಲಿನವನು ಗೇಟು ಮುಚ್ಚಿದ. ಮತದಾನ ಮುಗಿಯಿತು.

ಗೋಡೆಯ ಪಕ್ಕದ ಬೆಂಚಿನ ಮೇಲೆ ಅವರನ್ನು ಕೂರಿಸಿ ಲಿಫ್ಟಣ್ಣ ಉಸಿರು ಬಿಟ್ಟ. ಆಚೆಯವರಿಗೆ ಒಂದು ಮತ ತನ್ನ ಬೆನ್ನ ಮೇಲೆಯೇ ಬಂದಿತ್ತು. ಆದರೂ ಎದೆ ಬೆಳಗಿನಿಂದ ಮೊದಲ ಸಲ ಹಗುರಾಗಿತ್ತು. ತಪ್ಪಿನಲ್ಲಿ ಒಂದು ಪಾಲಾದರೂ ತೊಳೆದುಹೋಯಿತಲ್ಲ.

ಟೀಚರಮ್ಮ ಅವನ ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡರು.

“ನಿಮ್ಮವನಿಗೇ ಹಾಕಿದೆ ಕಣೋ,” ಎಂದು ಪಿಸುಗುಟ್ಟಿದರು. “ಮೇಲಿನವರನ್ನೆಲ್ಲ ಒಪ್ಪಿಸೋಷ್ಟರಲ್ಲಿ ಸಾಕುಬೇಕಾಗಿತ್ತು. ನಮ್ಮ ಲಿಫ್ಟಣ್ಣನಂಥ ನಿಯತ್ತಿನ ಮನುಷ್ಯ ನಂಬಿರೋ ಪಕ್ಷ, ಒಂದು ಸಲ ಹಾಕಿ ನೋಡೋಣ ಅಂದೆ. ಒಬ್ಬರೂ ಬಿಡದೆ ಹೂಂ ಅಂದಿದ್ರು. ಏನ್ಮಾಡೋದು, ಪಾಪ, ಇಳಿದು ಬರೋಕೇ ಆಗ್ಲಿಲ್ಲ ಅವರಿಗೆ.”