ಸಮಪಾಲು

"ಈ ತೂಕದ ಯಂತ್ರ ಕೆಟ್ಟಿದೆ ಸಿಸ್ಟರ್," ಎಂದರು ಡ್ರೈವಿಂಗ್ ಮೇಷ್ಟ್ರು, ಅದರ ಮೇಲೆ ನಿಂತುಕೊಂಡೇ. ನಾಲ್ಕು ತಿಂಗಳ ಪಥ್ಯದ ನಂತರವೂ ಮುಳ್ಳು ಹಳೆಯ ಜಾಗ ಬಿಟ್ಟು ಕದಲಿರಲಿಲ್ಲ. ನರ್ಸ್ ನಂಬದವಳಂತೆ ನೋಡಿದಾಗ ಅವರು ಹೆಂಡತಿಯತ್ತ ತಿರುಗಿದರು. "ನೀನು ಹತ್ತಿ ನೋಡೇ. ಹೋದ್ಸಲ ನೀನೂ ಹತ್ತಿದ್ಯಲ್ಲ. ನಿಂದೂ ಏನೇನೋ ತೋರ್ಸುತ್ತೆ, ಬೇಕಾದ್ರೆ ನೋಡು."

ಹೆಂಡತಿ ಚಪ್ಪಲಿ ಬಿಟ್ಟು ಹತ್ತಿದಳು. ಹೋದ ಸಲ ತಮಾಷೆಗೆಂದು ಹತ್ತಿದಾಗ ಇದ್ದದ್ದಕ್ಕಿಂತ ಒಂಬತ್ತು ಕಿಲೋ ಕಡಿಮೆ! "ನಾನು ಹೇಳ್ಲಿಲ್ವಾ, ಕೆಟ್ಟಿದೆ ಅಂತ?" ಎಂದು ಮೇಷ್ಟ್ರು ಗೆದ್ದವರಂತೆ ನಕ್ಕರು. ನರ್ಸ್ ನಗಲಿಲ್ಲ. ತಾನೂ ಒಮ್ಮೆ ಹತ್ತಿ ಇಳಿದು, ಯಂತ್ರ ಸರಿಯಾಗೇ ಇದೆ ಎಂದು ಇಬ್ಬರನ್ನೂ ಡಾಕ್ಟರಮ್ಮನ ಕೋಣೆಗೆ ಕಳಿಸಿದಳು.

ಎದೆನೋವೆಂದು ಬಂದಿದ್ದ ಮೇಷ್ಟ್ರಿಗೆ, ತೂಕ ಇಳಿಸದಿದ್ದರೆ ಉಳಿಗಾಲವಿಲ್ಲ ಎಂದು ಹೇಳಿದ್ದವರು ಇದೇ ಡಾಕ್ಟರಮ್ಮ. ಅಂದಿನಿಂದ ಹೆಂಡತಿಗೆ ಒಂದೇ ಧ್ಯಾನ: ಗಂಡ ಅರೆಹೊಟ್ಟೆಯಲ್ಲಿ ಏಳಬಾರದು, ತಿಂದದ್ದು ಮೈಗೆ ಹತ್ತಲೂಬಾರದು. ಮೊದಲು ದೊಡ್ಡ ಬಟ್ಟಲಿನ ತುಂಬ ತಿಳಿ ಸೂಪು. ಆಮೇಲೆ ಅರ್ಧ ತಟ್ಟೆ ಬೇಯಿಸಿದ ತರಕಾರಿ, ಒಂದಿಷ್ಟು ಕಾಳು. ತಟ್ಟೆ ಬೋಳುಬೋಳಾಗಿ ಕಾಣದಿರಲೆಂದು ತಟ್ಟೆಯನ್ನೇ ಚಿಕ್ಕದು ಮಾಡಿದ್ದಳು. ನಿಧಾನವಾಗಿ ಅಗಿದು ತಿನ್ನಲಿ ಎಂದು ಎದುರಿಗೆ ಕೂತು ಅದೂ ಇದೂ ಮಾತಿಗೆಳೆಯುತ್ತಿದ್ದಳು. ಒಬ್ಬರೇ ಕಡಿಮೆ ತಿಂದರೆ ಅದು ಶಿಕ್ಷೆ, ಇಬ್ಬರೂ ತಿಂದರೆ ಊಟ ಎಂದುಕೊಂಡು ತನಗೂ ಅಷ್ಟನ್ನೇ ಬಡಿಸಿಕೊಂಡಳು. ಅವಳ ಮೈಯಲ್ಲಿ ಇಳಿಸುವಂಥದ್ದೇನೂ ಇರಲಿಲ್ಲ. ಅದನ್ನು ಅವಳು ಯೋಚಿಸಲಿಲ್ಲ, ಮೇಷ್ಟ್ರು ಕೇಳಲಿಲ್ಲ.

ಮೇಷ್ಟ್ರ ವಿಷಯವೇ ಬೇರೆ. ಗಾಡಿ ನಿಲ್ಲಿಸುವುದನ್ನು ಕಲಿಸಲು ಅವರು ಆರಿಸಿಕೊಂಡಿದ್ದ ಜಾಗ ಒಂದು ಬೇಕರಿಯ ಮುಂದಿತ್ತು. ಶಿಷ್ಯ ಹಿಂದಕ್ಕೂ ಮುಂದಕ್ಕೂ ತಿಣುಕಾಡಿ ಗಾಡಿಯನ್ನು ನೆಟ್ಟಗೆ ನಿಲ್ಲಿಸುವಷ್ಟರಲ್ಲಿ ಗುರುಗಳು ಕೆಳಗಿಳಿದು ಒಂದು ಕ್ರೀಮ್ ಬನ್ ಮುಗಿಸಿರುತ್ತಿದ್ದರು. ಸರಿಯಾಗಿ ನಿಲ್ಲಿಸಿದ ಖುಷಿಗೆ ಶಿಷ್ಯ ಕೊಡಿಸುವ ಕೇಕು ಬೇರೆ. ಪಥ್ಯ ಶುರುವಾದ ಮೇಲೆ ಈ ಪಾಠ ದಿನಕ್ಕೆ ಎರಡು ಸಲವಾಯಿತು. ಬೇರೆ ಯಾವ ಡ್ರೈವಿಂಗ್ ಸ್ಕೂಲಿನವರೂ ಇವರ ಶಿಷ್ಯರಷ್ಟು ಚೆನ್ನಾಗಿ ಗಾಡಿ ನಿಲ್ಲಿಸುತ್ತಿರಲಿಲ್ಲ.

"ಹೊರಗಡೆ ಏನಾದ್ರೂ ತಿಂತೀರಾ?" ಡಾಕ್ಟರಮ್ಮ ಕೇಳಿದರು.

"ಛೇ ಛೇ! ನೀರು ಕೂಡ ಮನೇದೇ."

"ಯಾರಾದ್ರೂ ಕೊಟ್ರೂ ಮುಟ್ಟಲ್ಲ ಇವ್ರು," ಹೆಂಡತಿ ಅಭಿಮಾನದಿಂದ ಸೇರಿಸಿದಳು. "ನಾನೇನು ತಿಂತೀನೋ ಅದೇ ಇವ್ರಿಗೂ. ಒಂದು ತುತ್ತು ಹೆಚ್ಚಿಲ್ಲ, ಒಂದು ತುತ್ತು ಕಮ್ಮಿ ಇಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅದೇ ಊಟ ತಿಂದು ಇವರ ತೂಕ ಇಳ್ದಿಲ್ಲ ಅಂದ್ರೆ, ನಿಮ್ದು ಯಾಕಮ್ಮ ಇಳೀತು? ಸುಸ್ತಾಗುತ್ತಾ?"

"ಮೆಟ್ಟಿಲು ಹತ್ತಿದ್ರೆ ಕಣ್ಣು ಕತ್ತಲೆ ಬರುತ್ತೆ. ವಯಸ್ಸಾಯ್ತಲ್ಲ, ಅದಕ್ಕೇ ಅಂದ್ಕೊಂಡೆ..." ಅವಳ ದನಿ ಕುಗ್ಗಿತು. "ನಮ್ಮಮ್ಮನೂ ಹೀಗೇ ಕರಗ್ತಾ ಕರಗ್ತಾ ಹೋದ್ರು ಡಾಕ್ಟ್ರೇ. ಗೊತ್ತಾಗೋ ಹೊತ್ತಿಗೆ ಕೈಮೀರಿತ್ತು."

ಡಾಕ್ಟರಮ್ಮ ಮೇಷ್ಟ್ರನ್ನು ನೆಟ್ಟ ದೃಷ್ಟಿಯಿಂದ ನೋಡಿದರು. "ಇನ್ನೊಂದ್ಸಲ ಕೇಳ್ತೀನಿ. ನೀವು ಹೇಳ್ತಿರೋದು ನಿಜ ಆದ್ರೆ, ಇವರಿಗೆ ಒಳಗೇನೋ ಕಾಯಿಲೆ ಇರ್ಬಹುದು. ರಕ್ತ, ಸ್ಕ್ಯಾನು, ಗಂಟಲಲ್ಲಿ ನಳಿಗೆ ಬಿಟ್ಟು ಹೊಟ್ಟೆ ನೋಡೋದು, ಎಲ್ಲಾ ಮಾಡಿಸ್ಬೇಕಾಗುತ್ತೆ. ನಿಜ ತಾನೆ?"

ಒಂದು ಮಾತು ಸಾಕಿತ್ತು. ಮೇಷ್ಟ್ರು ಬಾಯಿಯನ್ನೂ ತೆರೆದರು. ಹೆಂಡತಿ ಕೈಚೀಲವನ್ನು ಎದೆಗವಚಿಕೊಂಡು ಅವರನ್ನೇ ನೋಡುತ್ತಿದ್ದಳು. ಇಷ್ಟು ನಂಬಿದವಳ ಮುಂದೆ, ಅದೂ ಮೂರನೆಯವರ ಎದುರಿಗೆ, ಮರ್ಯಾದೆ ಕಳೆದುಕೊಳ್ಳುವುದು ಹೇಗೆ? ಮನೆಗೆ ಹೋದ ಮೇಲೆ ನಿಧಾನಕ್ಕೆ ಹೇಳಿದರಾಯಿತು. ಪರೀಕ್ಷೆ ಮಾಡಿಸಿದರೆ ಒಳ್ಳೆಯದೇ ತಾನೆ, ನಷ್ಟವೇನು ಎಂದು ಮನಸ್ಸು ಆಗಲೇ ವಕೀಲಿಕೆ ಶುರು ಮಾಡಿತ್ತು.

"ನಿಜ ಡಾಕ್ಟ್ರೇ," ಎಂದರು. ದನಿ ಒಂದಿಷ್ಟೂ ನಡುಗಲಿಲ್ಲ. ನಡುಗಬೇಕಿತ್ತು.

ರಕ್ತ ತೆಗೆಯುವ ಕೋಣೆಯ ಮುಂದಿನ ಬೆಂಚಿನ ಮೇಲೆ ಇಬ್ಬರೂ ಕುಳಿತರು. ಮೇಷ್ಟ್ರ ಸಕ್ಕರೆ ಪರೀಕ್ಷೆ ಖಾಲಿ ಹೊಟ್ಟೆಯಲ್ಲಿ ಆಗಬೇಕೆಂದು ಬೆಳಿಗ್ಗೆ ಮನೆಯಲ್ಲಿ ಒಲೆಯನ್ನೇ ಹಚ್ಚಿರಲಿಲ್ಲ. ಅವರ ರಕ್ತ ಕೊಟ್ಟಾಗಿತ್ತು. ಅವಳದು ಇನ್ನು ಶುರುವಾಗಬೇಕಿತ್ತು.

"ರೀ, ನಂಗೇನಾದ್ರೂ ಆಗ್ಹೋದ್ರೆ ನಿಮ್ಗೆ ಹೀಗೆ ನೋಡಿ ನೋಡಿ ಬಡಿಸೋರ್ಯಾರು?"

"ಏನೂ ಆಗಲ್ಲ, ಸುಮ್ನಿರೇ." ಇದನ್ನು ಅವರಷ್ಟು ಖಚಿತವಾಗಿ ಬಲ್ಲವರು ಆ ಆಸ್ಪತ್ರೆಯಲ್ಲೇ ಇನ್ನೊಬ್ಬರಿರಲಿಲ್ಲ. ಅವಳ ಕೈ ತಣ್ಣಗಾಗಿತ್ತು. ಮೇಷ್ಟ್ರು ಅದನ್ನು ಹಿಡಿದುಕೊಂಡರು, ಒಂದು ಕ್ಷಣ ನಿಜಕ್ಕೂ ಹೇಳಿಬಿಡೋಣ ಅನಿಸಿತು. ಅಷ್ಟರಲ್ಲಿ ಒಳಗಿನಿಂದ ಅವಳನ್ನು ಕರೆದರು.

ಅವಳು ಎದ್ದು ನಿಂತವಳು ತಿರುಗಿದಳು. "ನಂದು ತಡ ಆಗುತ್ತೆ. ನೀವು ಯಾಕೆ ಹಸ್ಕೊಂಡು ಕೂತ್ಕೋತೀರಿ? ಕೆಳಗೆ ಕ್ಯಾಂಟೀನಿದೆ, ಹೋಗಿ ತಿಂದು ಬನ್ನಿ. ಇವತ್ತೊಂದಿನ ಪಥ್ಯ ಗಿಥ್ಯ ಏನೂ ನೋಡ್ಬೇಡಿ."

ಗಂಟಲಲ್ಲಿ ಇಳಿಯುವುದಿಲ್ಲ ಎಂದುಕೊಂಡೇ ಮೇಷ್ಟ್ರು ಕೆಳಗಿಳಿದರು. ಆದರೆ ಹಸಿವಾಗಿತ್ತು. ಒಂದು ಬನ್ ಇಳಿಯಿತು, ಅದರ ಹಿಂದೆ ಇನ್ನೊಂದೂ ಇಳಿಯಿತು.

ಅವರು ಮೇಲೆ ಬಂದಾಗ ಹೆಂಡತಿ ಮಡಚಿದ ತೋಳಿನ ಹತ್ತಿಯನ್ನು ಇನ್ನೊಂದು ಕೈಯ ಬೆರಳಿನಿಂದ ಒತ್ತಿಕೊಂಡು ಹೊರಗೆ ಬರುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು. ಗಂಡನನ್ನು ಕಂಡದ್ದೇ, ಒತ್ತಿಕೊಂಡಿದ್ದ ಕೈ ಬಿಟ್ಟು, ಅದೇ ಬೆರಳಿನಿಂದ ಅವರ ತುಟಿಯಂಚಿಗೆ ಅಂಟಿದ್ದ ಸಕ್ಕರೆ ಪುಡಿಯನ್ನು ಒರೆಸಿದಳು.

"ಪಾಪ," ಎಂದಳು, "ರುಚಿಯೇ ಮರ್ತುಹೋಗಿತ್ತೇನೋ, ಅಲ್ವಾ?"