ಸಾಧು ಕರೆಂಟು

ಊರಿಗೆ ದೀಪ ಹಾಕುವ ಗುತ್ತಿಗೆಗಾಗಿ ಎರಡು ಕಂಪನಿಗಳು ಪೈಪೋಟಿಗೆ ಬಿದ್ದಿದ್ದವು. ಒಂದರದು ಒಂದೇ ದಿಕ್ಕಿಗೆ ಹರಿಯುವ ಕರೆಂಟು, ಇನ್ನೊಂದರದು ಹಿಂದಕ್ಕೂ ಮುಂದಕ್ಕೂ ಓಡಾಡುವ ಕರೆಂಟು. ಮೊದಲನೆಯ ಕಂಪನಿಯ ಇಂಜಿನಿಯರ್ ಅನಂತಶಯನ, ‘ನಮ್ಮ ಕರೆಂಟು ಹಸುವಿನಷ್ಟು ಸಾಧು, ಮಗು ಮುಟ್ಟಿದರೂ ಒದೆಯದು’ ಎಂದು ಕರಪತ್ರ ಬರೆದು, ತನ್ನ ಮಾತಿಗೆ ತಾನೇ ಮರುಳಾಗಿದ್ದ.

“ಕರಪತ್ರ ಯಾರ್ರೀ ಓದ್ತಾರೆ?” ಎಂದರು ಮ್ಯಾನೇಜರು. “ಆ ಇನ್ನೊಂದು ಕಂಪನಿಯವರ ಥರದ್ದೇ ಕರೆಂಟು ಯಂತ್ರ ಒಂದು ತರಿಸಿದ್ದೀನಿ. ನಾಳೆ ಬಯಲಲ್ಲಿ ಅದರಿಂದ ಒಂದು ನಾಯಿ ಕೊಂದು ತೋರಿಸಿ.”

“ನಾಯಿ ಏನು ತಪ್ಪು ಮಾಡಿದೆ ಸಾರ್?”

“ಏನೂ ಇಲ್ಲ. ಅದಕ್ಕೇ ಜನಕ್ಕೆ ಅಯ್ಯೋ ಅನ್ಸೋದು.”

ಆಗುವುದಿಲ್ಲ ಎನ್ನುವ ಧೈರ್ಯ ಅನಂತಶಯನನಿಗೆ ಇರಲಿಲ್ಲ, ಇದ್ದದ್ದು ಕಳ್ಳಬುದ್ಧಿಯಷ್ಟೇ. ಪ್ರದರ್ಶನಕ್ಕೆ ಮುಂಚೆ ಯಾರಿಗೂ ಕಾಣದಂತೆ ತಂತಿ ಬದಲಾಯಿಸಿ, ನಾಯಿ ನಿಲ್ಲುವ ತಗಡಿಗೆ ತಮ್ಮ ಕಂಪನಿಯದೇ ಕರೆಂಟು ಜೋಡಿಸಿದ. ನಾಯಿ ಕುಂಯ್ ಎಂದು ಓಡಿಹೋಗುತ್ತದೆ, ಯಂತ್ರ ಕೆಟ್ಟಿತು ಎಂದರಾಯಿತು ಎಂದುಕೊಂಡ. ಒಂದು ಜೀವ ಉಳಿಸಿದ ಪುಣ್ಯಾತ್ಮ ತಾನು ಎಂಬ ಹೆಮ್ಮೆಗೆ ಮೀಸೆಯನ್ನೂ ತೀಡಿಕೊಂಡ.

ಊರಿಗೆ ಊರೇ ಸೇರಿತು. ಒದ್ದೆ ತಗಡಿನ ಮೇಲೆ ನಿಂತ ನಾಯಿ ಅವನನ್ನು ನೋಡಿ ಬಾಲ ಅಲ್ಲಾಡಿಸಿತು. ಅವನು ನಿಶ್ಚಿಂತೆಯಿಂದ ಸ್ವಿಚ್ಚು ಎಳೆದ. ನಾಯಿ ಕುಂಯ್ ಎನ್ನಲೂ ಇಲ್ಲ. ನಿಂತಲ್ಲೇ ಕುಸಿದು ಸತ್ತುಹೋಯಿತು.

ಜನ ಹೌಹಾರಿದರು. ಮ್ಯಾನೇಜರು ಕುರ್ಚಿ ಹತ್ತಿ ಕೂಗಿದರು: “ನೋಡಿದಿರಾ, ಅವರ ಕರೆಂಟು! ಈಗ ನಮ್ಮ ಕರೆಂಟನ್ನು ನಮ್ಮ ಇಂಜಿನಿಯರೇ ಬರಿಗೈಲಿ ಹಿಡಿದು ತೋರಿಸ್ತಾರೆ.”